ಮಾದರಿ ರೈಲಿನ ಸುತ್ತ ಕರಾವಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದಿರುವ ಪ್ರಶ್ನೆಗಳೆಲ್ಲ ಹಳಿಯ ಸುತ್ತಲಿನ ನೆಲ, ಕಟ್ಟಡ ಮತ್ತು ಮರಗಿಡಗಳಿಗೆ ಸಂಬಂಧಿಸಿದವು. ಉತ್ತರಗಳಲ್ಲಿ ಕೊಟ್ಟಿರುವ ಅಳತೆಗಳು ಎಚ್‌ಒ ಪ್ರಮಾಣಕ್ಕೆ, ಅಂದರೆ 1:87ಕ್ಕೆ ಹೊಂದುವಂಥವು. ನಿಜವಾದ ವಸ್ತುವಿನ ಅಳತೆಯನ್ನು 87ರಿಂದ ಭಾಗಿಸಿದರೆ ಮಾದರಿಯ ಅಳತೆ ದೊರೆಯುತ್ತದೆ. ಎನ್ ಪ್ರಮಾಣದಲ್ಲಿ ಕೆಲಸ ಮಾಡುವವರು 160ರಿಂದ ಭಾಗಿಸಿಕೊಳ್ಳಬೇಕು.

ಪ್ರಶ್ನೆ: ಮನೆಯ ಒಂದು ಗೋಡೆಯ ಉದ್ದಕ್ಕೆ 10 ಅಡಿ ಉದ್ದ, 2 ಅಡಿ ಅಗಲದ ಜಾಗವಿದೆ. ಉಡುಪಿ ನಿಲ್ದಾಣವನ್ನು ಪೂರ್ತಿಯಾಗಿ ಮಾಡಬೇಕೆಂಬ ಆಸೆ. ಯಾವ ಹಲಗೆ ಬಳಸಬೇಕು, ಎಲ್ಲಿಂದ ಆರಂಭಿಸಬೇಕು?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಕುಂಜಿಬೆಟ್ಟು

ಮೊದಲು ಲೆಕ್ಕ ನೋಡೋಣ. ನಿಮ್ಮ 10 ಅಡಿಯ ಹಲಗೆ ನಿಜದ ನೆಲದಲ್ಲಿ ಸುಮಾರು 265 ಮೀಟರ್ ಆಗುತ್ತದೆ. ಒಂದು ಎಲ್‌ಎಚ್‌ಬಿ (ಈಗಿನ ಹೊಸ ಬಗೆಯ) ಬೋಗಿಯ ಉದ್ದ ಸುಮಾರು 23.5 ಮೀಟರ್; 24 ಬೋಗಿಗಳ ರೈಲು ಎಚ್‌ಒ ಪ್ರಮಾಣದಲ್ಲಿಯೂ ಆರೂವರೆ ಮೀಟರಿನಷ್ಟು ಉದ್ದವಾಗುತ್ತದೆ. ಆದ್ದರಿಂದ ಇಡೀ ನಿಲ್ದಾಣ ಈ ಜಾಗದಲ್ಲಿ ಕೂರುವುದಿಲ್ಲ. ಬಲವಂತವಾಗಿ ಕೂರಿಸಿದರೆ ನಾಲ್ಕು ಬೋಗಿಗಳ ಪ್ಲಾಟ್‌ಫಾರ್ಮ್ ಮಾತ್ರ ಉಳಿದು, ಅದನ್ನು ಉಡುಪಿ ಎಂದು ಗುರುತಿಸಲು ನಾಮಫಲಕವನ್ನೇ ಓದಬೇಕಾದೀತು. ನಿಲ್ದಾಣದ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು, ನಿಲ್ದಾಣಗಳ ನಡುವಿನ ಒಂದು ತುಂಡನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಕೊಂಕಣ ರೈಲು ಮಾರ್ಗದ ತಿರುವುಗಳ ಕನಿಷ್ಠ ತ್ರಿಜ್ಯ 1,250 ಮೀಟರ್ ಆಗಿರುವುದರಿಂದ ಇಷ್ಟು ಚಿಕ್ಕ ತುಂಡಿನಲ್ಲಿ ಹಳಿ ನೇರವಾಗಿದ್ದರೂ ಅಥವಾ ಕಂಡೂ ಕಾಣದಂತೆ ಬಾಗಿದ್ದರೂ ಅದು ಸಹಜವಾಗಿಯೇ ತೋರುತ್ತದೆ.

ಮಂಗಳೂರಿನಿಂದ ಉಡುಪಿಗೆ ಹೋಗುವಾಗ ರೈಲು ಒಂದು ಕ್ಷಣ ಕೆಂಪು ಗುಡ್ಡವನ್ನು ಕಡಿದ ಹಾದಿಯೊಳಗಿರುತ್ತದೆ, ಮರುಕ್ಷಣವೇ ಮಣ್ಣಿನ ಏರಿಯ ಮೇಲೆ ಗದ್ದೆ ಬಯಲನ್ನು ದಾಟುತ್ತದೆ. ಈ ಏರಿಳಿತವನ್ನು ರೂಪಿಸಿರುವುದು ಮಳೆಯ ನೀರು. ಹಾಗಾಗಿ ಹಲಗೆಯ ಮೇಲೆ ಗುಡ್ಡವನ್ನು ಎಬ್ಬಿಸುವ ಮೊದಲು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಪೆನ್ಸಿಲಿನಿಂದ ಗೆರೆ ಎಳೆದು ತೋರಿಸಿಕೊಳ್ಳಿ. ಗುಡ್ಡದ ನೆತ್ತಿಯಿಂದ ಇಳಿಯುವ ನೀರನ್ನು ಕಡಿದ ಅಂಚಿಗೆ ಬರದಂತೆ ತಡೆದು ಬದಿಗೆ ಒಯ್ಯುವ ಚರಂಡಿ, ಹಳಿಯ ಪಕ್ಕದ ಚರಂಡಿ, ಏರಿಯ ಕೆಳಗಿನ ಮೋರಿ, ಮೋರಿಯಿಂದ ಹೊರಬಂದು ಗದ್ದೆಯ ಹುಣಿಯ (ಬದುವಿನ) ಬದಿಯಲ್ಲಿ ಹರಿಯುವ ತೋಡು: ಈ ನಾಲ್ಕು ಸರಿಯಾದ ಜಾಗದಲ್ಲಿ ಬಿದ್ದರೆ ಮನೆ ಎಲ್ಲಿರಬೇಕು, ತೆಂಗು ಎಲ್ಲಿರಬೇಕು ಎಂಬುದು ತಾನಾಗಿಯೇ ನಿರ್ಧಾರವಾಗುತ್ತದೆ. ಮೋರಿಯಿಲ್ಲದ ಏರಿಯನ್ನು ಕಂಡ ಕರಾವಳಿಯವರಿಗೆ ಏನೋ ಕೊರತೆಯಿದೆ ಎಂದು ಕೂಡಲೇ ಅನ್ನಿಸುತ್ತದೆ, ಕಾರಣ ಹೇಳಲು ಬಾರದಿದ್ದರೂ.

ಯಾವ ವರ್ಷದ ದೃಶ್ಯ ಎಂಬುದನ್ನೂ ಈಗಲೇ ನಿಶ್ಚಯಿಸಿ. ಮಂಗಳೂರು–ಉಡುಪಿ ನಡುವೆ ಮೊದಲ ರೈಲು ಓಡಿದ್ದು 1993ರ ಮಾರ್ಚ್ 20ರಂದು. ಮಾರ್ಗದ ವಿದ್ಯುದೀಕರಣ ಪೂರ್ಣಗೊಂಡಿದ್ದು 2022ರಲ್ಲಿ. ಇವೆರಡರ ನಡುವಿನ ಯಾವುದಾದರೂ ವರ್ಷವನ್ನು ಆರಿಸಿದರೆ ವಿದ್ಯುತ್ ಕಂಬ, ತಂತಿಗಳ ನಾಜೂಕಾದ ಕೆಲಸ ತಪ್ಪುತ್ತದೆ. ಆ ಅವಧಿಯ ಕೊನೆಯ ವರ್ಷಗಳನ್ನು ಆರಿಸಿದರೆ, ಸುರತ್ಕಲ್ಲಿನಿಂದ ಮಹಾರಾಷ್ಟ್ರದ ಕೋಲಾಡಿಗೆ ಲಾರಿಗಳನ್ನೇ ಹೊತ್ತೊಯ್ಯುವ ರೋರೋ ರೈಲನ್ನು ಡೀಸೆಲ್ ಎಂಜಿನ್ನಿನ ಹಿಂದೆ ಜೋಡಿಸಿ ಓಡಿಸುವ ಸಂತೋಷವೂ ನಿಮ್ಮದಾಗುತ್ತದೆ.

ಹಲಗೆಯ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಮರದ ನಾರನ್ನು ಒತ್ತಿ ಮಾಡುವ ಎಂಡಿಎಫ್ ಹಲಗೆ ನಮ್ಮ ಮಳೆಗಾಲದ ತೇವ ಹೀರಿ ಉಬ್ಬುತ್ತದೆ. ಐಎಸ್ 710 ಗುರುತಿರುವ, 12 ಮಿಲಿಮೀಟರ್ ದಪ್ಪದ ಮೆರೈನ್ ಪ್ಲೈವುಡ್ ತಂದು, ಕೆಳಭಾಗವನ್ನೂ ಕೊಯ್ದ ಅಂಚುಗಳನ್ನೂ ಬಿಡದೆ ಎರಡು ಕೈ ಬಣ್ಣ ಬಳಿಯಿರಿ. ತೇವ ಒಳಸೇರುವುದು ಹೆಚ್ಚಾಗಿ ಅಂಚಿನಿಂದಲೇ. ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು ನಿಲ್ಲಿಸಿದರೆ ಗಾಳಿಯಾಡುತ್ತದೆ. ಕಾಲುಗಳು ಕಬ್ಬಿಣದವಾದರೆ ಗೆದ್ದಲು ಹತ್ತಿದ್ದು ಬೇಗ ಕಣ್ಣಿಗೆ ಬೀಳುತ್ತದೆ. ಹಳಿಯ ಜೋಡಣೆಗಳಲ್ಲಿ ಪೋಸ್ಟ್ ಕಾರ್ಡಿನ ದಪ್ಪದಷ್ಟು ಅಂತರ ಉಳಿಸಿ, ಹಳಿಯ ಪ್ರತಿಯೊಂದು ತುಂಡಿಗೂ ಪ್ರತ್ಯೇಕವಾಗಿ ವಿದ್ಯುತ್ ತಂತಿಯನ್ನು ಬೆಸುಗೆ ಹಾಕಿ. ಕಡಲ ಉಪ್ಪುಗಾಳಿಗೆ ಜೋಡಣೆಯ ಪಟ್ಟಿಗಳು ಮಾಸಿ ವಿದ್ಯುತ್ ಹರಿಯದಂತಾಗುವುದು ಈ ಊರುಗಳಲ್ಲಿ ಸಾಮಾನ್ಯ, ಮತ್ತು ಸುತ್ತಲಿನ ನೆಲವೆಲ್ಲ ಸಿದ್ಧವಾದ ಮೇಲೆ ಅದನ್ನು ಸರಿಪಡಿಸುವುದು ಬಹಳ ಕಷ್ಟ.

ಪ್ರಶ್ನೆ: ಗುಡ್ಡ ಕಡಿದ ಹಾದಿಯನ್ನು ಪ್ಲಾಸ್ಟರ್‌ನಿಂದ ಮಾಡಿ, ಹಲ್ಲುಕಡ್ಡಿಯಿಂದ ತೂತು ಚುಚ್ಚಿ ಕೆಂಪು ಬಣ್ಣ ಬಳಿದಿದ್ದೇನೆ. ಆದರೂ ಅದು ಮುರಕಲ್ಲಿನಂತೆ (ಕರಾವಳಿಯ ಕೆಂಪು ಜಂಬಿಟ್ಟಿಗೆಯಂತೆ) ಕಾಣುತ್ತಿಲ್ಲ. ಹಿತ್ತಲಿನ ಮಣ್ಣನ್ನೇ ಬಳಸಬಹುದೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಸುರತ್ಕಲ್

ಮಣ್ಣನ್ನು ಬಳಸಬಹುದು, ಬಳಸಲೇಬೇಕು. ಆದರೆ ಅದಕ್ಕೂ ಮೊದಲು ತೂತುಗಳ ವಿಷಯ. ಮುರಕಲ್ಲಿನ ಮೈಮೇಲೆ ನಾವು ಕಾಣುವ ತೂತುಗಳು ಹೆಚ್ಚೆಂದರೆ ಎರಡು ಮೂರು ಸೆಂಟಿಮೀಟರಿನಷ್ಟಿರುತ್ತವೆ. 87ರಿಂದ ಭಾಗಿಸಿದರೆ ಅವು ಮಿಲಿಮೀಟರಿನ ಸುಮಾರು ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಚಿಕ್ಕವಾಗುತ್ತವೆ. ಹಲ್ಲುಕಡ್ಡಿಯ ತುದಿ ಮಾಡುವ ತೂತು ನಿಜದ ಅಳತೆಯಲ್ಲಿ ಮನುಷ್ಯನ ಮುಷ್ಟಿ ತೂರುವಷ್ಟು ದೊಡ್ಡದಾಗುತ್ತದೆ. ನಿಮ್ಮ ಗುಡ್ಡ ಒಪ್ಪದಿರುವುದಕ್ಕೆ ಮುಖ್ಯ ಕಾರಣ ಅದೇ ಇರಬೇಕು. ತೂತುಗಳನ್ನು ತೆಳುವಾದ ಪ್ಲಾಸ್ಟರ್‌ನಿಂದ ಮುಚ್ಚಿ, ಅದು ಅರೆ ಒಣಗಿರುವಾಗ ಗಡುಸಾದ ಬ್ರಷ್ಷನ್ನು ನೆಟ್ಟಗೆ ಹಿಡಿದು ಮೆಲ್ಲನೆ ಕುಟ್ಟಿದರೆ ಬರುವ ಒರಟುತನ ಸಾಕು.

ಮುರಕಲ್ಲನ್ನು ಗುರುತಿಸುವಂತೆ ಮಾಡುವುದು ಅದರ ಪದರಗಳು ಮತ್ತು ಅವುಗಳ ಬಣ್ಣ. ಗುಡ್ಡ ಕಡಿದ ಜಾಗವನ್ನು ರಸ್ತೆಯಿಂದಲೇ ಗಮನಿಸಿ ನೋಡಿ. ಎಲ್ಲಕ್ಕಿಂತ ಮೇಲೆ ಬೇರುಗಳಿಂದ ತುಂಬಿದ, ಕಪ್ಪಿಗೆ ತಿರುಗಿದ ತೆಳು ಮಣ್ಣು. ಅದರ ಕೆಳಗೆ ಗಾಳಿ ತಾಗಿ ಗಟ್ಟಿಯಾದ, ಕಂದು ಕೆಂಪಿನ ಮುರಕಲ್ಲಿನ ಹಾಸು. ಇನ್ನೂ ಕೆಳಗೆ ಬಿಳಿ, ತಿಳಿ ಹಳದಿ ಮತ್ತು ನಸುಗೆಂಪು ಬೆರೆತ ಶೇಡಿ ಮಣ್ಣು. ನೀರು ಕುಡಿದಾಗ ಮೊದಲು ಸಡಿಲಗೊಳ್ಳುವುದು ಈ ಶೇಡಿಯೇ, ಮಳೆಗಾಲದಲ್ಲಿ ಗುಡ್ಡ ಜರಿಯುವ ಸುದ್ದಿಗಳ ಹಿಂದೆ ಬಹಳ ಸಲ ಇರುವುದೂ ಇದೇ. ಎತ್ತರವಾಗಿ ಕಡಿದ ಜಾಗಗಳಲ್ಲಿ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟಿರುವುದು, ಕೆಲವೆಡೆ ತಂತಿಬಲೆ ಹೊದಿಸಿರುವುದು ಇದೇ ಕಾರಣಕ್ಕೆ. ನಿಮ್ಮ ಮಾದರಿಯಲ್ಲಿ ಒಂದೇ ಕೆಂಪನ್ನು ಬಳಿಯುವ ಬದಲು ಈ ಮೂರು ಪದರಗಳನ್ನು ತೋರಿಸಿ, ನಡುವೆ ಒಂದು ಮೆಟ್ಟಿಲು ಬಿಟ್ಟು, ಬುಡದಲ್ಲಿ ಜರಿದ ಮಣ್ಣಿನ ಚಿಕ್ಕ ರಾಶಿಯನ್ನಿಟ್ಟರೆ ನೋಡಿದವರು ಊರಿನ ಹೆಸರು ಕೇಳಬೇಕಾಗುವುದಿಲ್ಲ.

ಹೊಸದಾಗಿ ಮಾಡುವುದಾದರೆ ಎಕ್ಸ್‌ಪಿಎಸ್ ಫೋಮ್ (ಗಟ್ಟಿಯಾದ ಪ್ಲಾಸ್ಟಿಕ್ ನೊರೆಯ) ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಚಾಕುವಿನಿಂದ ಕೆತ್ತುವುದು ಸುಲಭ. ಥರ್ಮೋಕೋಲ್‌ನಂತೆ ಅದು ಕಾಳುಕಾಳಾಗಿ ಉದುರುವುದಿಲ್ಲ. ಅದರ ಮೇಲೆ, ಮೂಳೆ ಮುರಿದಾಗ ಕಟ್ಟುವ ಪ್ಲಾಸ್ಟರ್ ಬ್ಯಾಂಡೇಜನ್ನು ಔಷಧದಂಗಡಿಯಿಂದ ತಂದು ಒದ್ದೆ ಮಾಡಿ ಹೊದಿಸಬಹುದು. ಮೇಲಿನ ಪ್ಲಾಸ್ಟರ್‌ಗೆ ಕಲಸುವಾಗಲೇ ಕಾವಿ ಬಣ್ಣದ ಪುಡಿ ಸೇರಿಸಿದರೆ ಮುಂದೆ ಎಲ್ಲಾದರೂ ಚಕ್ಕೆ ಎದ್ದರೂ ಒಳಗಿನ ಬಿಳುಪು ಕಾಣಿಸದು.

ಇನ್ನು ಹಿತ್ತಲಿನ ಮಣ್ಣು. ಬಿಸಿಲಲ್ಲಿ ಒಣಗಿಸಿ, ಬಳಕೆಯಿಲ್ಲದ ಹಳೆಯ ಕಾವಲಿಯಲ್ಲಿ ಚೆನ್ನಾಗಿ ಹುರಿದು, ಚಹಾ ಸೋಸುವ ಜಾಲರಿಯಲ್ಲಿಯೂ ಅನಂತರ ತೆಳು ಬಟ್ಟೆಯಲ್ಲಿಯೂ ಜರಡಿ ಹಿಡಿಯಿರಿ. ಹುರಿಯುವುದರಿಂದ ಅದರಲ್ಲಿರುವ ಬೂಸ್ಟು, ಹುಳುಗಳ ಮೊಟ್ಟೆಗಳು ಸಾಯುತ್ತವೆ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತವನ್ನು ಮಣ್ಣಿನೊಳಗೆ ಹಲವು ಸಲ ಆಡಿಸಿ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅಂಟಿಕೊಂಡು ಬರುವ ಕಣಗಳನ್ನು ತೆಗೆಯದಿದ್ದರೆ ಅವು ಎಂಜಿನ್ನಿನ ಮೋಟಾರಿನಲ್ಲಿರುವ ಅಯಸ್ಕಾಂತಕ್ಕೆ ಹತ್ತಿ ಅದನ್ನು ಕೆಡಿಸುತ್ತವೆ. ಕಡಲ ತೀರದ ಮರಳಾದರೆ ಈ ಪರೀಕ್ಷೆ ಇನ್ನೂ ಅಗತ್ಯ, ಅದರಲ್ಲಿ ಕರಿ ಮರಳಿನ ಕಣಗಳಿರುತ್ತವೆ. ಉಪ್ಪು ಹೋಗುವವರೆಗೆ ಸಿಹಿನೀರಿನಲ್ಲಿ ತೊಳೆಯುವುದೂ ಅಷ್ಟೇ ಮುಖ್ಯ.

ಅಂಟಿಸಲು ಮರಗೆಲಸದ ಬಿಳಿ ಅಂಟಿಗೆ ಅಷ್ಟೇ ನೀರು, ಪಾತ್ರೆ ತೊಳೆಯುವ ದ್ರವದ ಎರಡು ಹನಿ ಬೆರೆಸಿದರೆ ಸಾಕು. ಒಣ ಮಣ್ಣನ್ನು ಉದುರಿಸಿ, ಮೊದಲು ಐಸೊಪ್ರೊಪೈಲ್ ಆಲ್ಕೋಹಾಲನ್ನು ಮಂಜಿನಂತೆ ಸಿಂಪಡಿಸಿ ಮಣ್ಣು ನೆನೆದ ಮೇಲೆ ಅಂಟನ್ನು ಡ್ರಾಪರ್‌ನಿಂದ ಬಿಡಬೇಕು; ನೆನೆಯದ ಮಣ್ಣಿನ ಮೇಲೆ ಅಂಟು ಗುಳಿಗೆಗಳಾಗಿ ನಿಂತು ಕಲೆ ಮಾಡುತ್ತದೆ. ಹಳಿಯ ಜಲ್ಲಿಯನ್ನು ಕೂರಿಸುವ ಕ್ರಮವೂ ಇದೇ. 5 ಸೆಂಟಿಮೀಟರಿನ ಜಲ್ಲಿಕಲ್ಲು ಎಚ್‌ಒ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪವೇ ದೊಡ್ಡದಾಗುವುದರಿಂದ ಸಣ್ಣ ರವೆಯಷ್ಟು ನುಣುಪಾದ ಕಲ್ಲುಪುಡಿ ಬೇಕು. ಅಂಟು ಹಾಕಿದ ಮಣ್ಣು ಒಣಗಿದ ಮೇಲೂ ಮೊದಲಿಗಿಂತ ಗಾಢವಾಗಿಯೇ ಉಳಿಯುತ್ತದೆ. ರಟ್ಟಿನ ಮೇಲೆ ಪರೀಕ್ಷಿಸಿ, ಬೇಕಾದರೆ ಸೀಮೆಸುಣ್ಣದ ಪುಡಿ ಬೆರೆಸಿ ತಿಳಿಯಾಗಿಸಿಕೊಳ್ಳಿ. ಮೈದಾ ಅಂಟನ್ನು ಮಾತ್ರ ಯಾವ ಕಾರಣಕ್ಕೂ ಬಳಸಬೇಡಿ, ಆಷಾಢ ಕಳೆಯುವುದರೊಳಗೆ ಇಡೀ ಗುಡ್ಡಕ್ಕೆ ಬೂಸ್ಟು ಹಿಡಿಯುತ್ತದೆ.

ಪ್ರಶ್ನೆ: ಥರ್ಮೋಕೋಲ್ ಗುಡ್ಡಕ್ಕೆ ಸ್ಪ್ರೇ ಪೇಂಟ್ ಹೊಡೆದಾಗ ಅದು ಕರಗಿ ಹೋಯಿತು. ಏಕೆ?
– ಒಂಬತ್ತನೆಯ ತರಗತಿಯ ವಿದ್ಯಾರ್ಥಿ, ಮೂಲ್ಕಿ

ಡಬ್ಬದ ಸ್ಪ್ರೇ ಪೇಂಟ್‌ನಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸುತ್ತದೆ. ಥಿನ್ನರ್ ಮತ್ತು ಪಾದರಕ್ಷೆ ಅಂಟಿಸುವ ಹಳದಿ ಅಂಟು ಕೂಡ ಹಾಗೆಯೇ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಬ್ರಷ್ಷಿನಿಂದ ಬಳಿಯಿರಿ, ಬಿಳಿ ಅಂಟನ್ನೇ ಬಳಸಿ. ಉಳಿದ ತುಂಡನ್ನು ಎಸೆಯಬೇಡಿ. ಕರಗಿದ ಮೈಯ ಮೇಲೆ ಕಾಗದದ ಚೂರುಗಳನ್ನು ಬಿಳಿ ಅಂಟಿನಲ್ಲಿ ಹೊದಿಸಿದರೆ ಅದೇ ಗುಡ್ಡ ಮತ್ತೆ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಹಳಿಯ ಪಕ್ಕದಲ್ಲಿ ಒಂದು ಹಂಚಿನ ಮನೆ ಕಟ್ಟಬೇಕು. ಅಂಗಡಿಯಲ್ಲಿ ಸಿಗುವ ವಿದೇಶೀ ಮನೆಗಳ ಮಾಡು (ಛಾವಣಿ) ನಮ್ಮ ಮಾಡಿನಂತೆ ಕಾಣುವುದಿಲ್ಲ. ಮಂಗಳೂರು ಹಂಚನ್ನು ಮಾಡುವುದು ಹೇಗೆ?
– ಗೃಹಿಣಿ, ಜೆಪ್ಪು

ಜೆಪ್ಪುವಿನಿಂದ ಈ ಪ್ರಶ್ನೆ ಬಂದಿರುವುದು ಸಂತೋಷದ ವಿಷಯ, ಏಕೆಂದರೆ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ನಿಮ್ಮ ಆಸುಪಾಸಿನ ನೇತ್ರಾವತಿಯ ದಂಡೆಯಲ್ಲಿಯೇ.

ಒಂದರ ಮೇಲೊಂದು ಕೂರಿಸಿದ ಮೇಲೆ ಕಣ್ಣಿಗೆ ಕಾಣುವ ಹಂಚಿನ ಭಾಗ ಸುಮಾರು 32 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ. ಒಂದು ಚದರ ಮೀಟರ್ ಮಾಡಿಗೆ ಹದಿನೈದು ಹದಿನಾರು ಹಂಚು ಬೇಕಾಗುತ್ತದೆ. ಎಚ್‌ಒ ಪ್ರಮಾಣದಲ್ಲಿ ಅದು 3.7 ಮಿಲಿಮೀಟರ್ ಉದ್ದ, 2.3 ಮಿಲಿಮೀಟರ್ ಅಗಲ ಆಗುತ್ತದೆ. ಒಂದೊಂದೇ ಹಂಚನ್ನು ಅಂಟಿಸಬೇಕಾಗಿಲ್ಲ. ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬರುವ ಅಲ್ಯೂಮಿನಿಯಂ ಡಬ್ಬದ ಚಪ್ಪಟೆಯಾದ ಭಾಗವನ್ನು 5 ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಮೆತ್ತನೆಯ ರಬ್ಬರ್ ಹಾಳೆಯ ಮೇಲಿಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಿಂದ 2.3 ಮಿಲಿಮೀಟರಿಗೊಂದರಂತೆ ಅಡ್ಡಗೆರೆ ಒತ್ತಿ ತಿರುಗಿಸಿದರೆ ಏಣುಗಳು ಎದ್ದು ನಿಲ್ಲುತ್ತವೆ. ದಪ್ಪ ರಟ್ಟಿನಲ್ಲಿ ಮಾಡಿನ ಇಳಿಜಾರನ್ನು ಕತ್ತರಿಸಿಕೊಂಡು, ಸೂರಿನ ಕಡೆಯಿಂದ ಆರಂಭಿಸಿ, ಪ್ರತಿ ಪಟ್ಟಿಯೂ ಕೆಳಗಿನದನ್ನು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಮುಚ್ಚುವಂತೆ, ಏಣುಗಳು ನೆತ್ತಿಯಿಂದ ಸೂರಿನವರೆಗೆ ಒಂದೇ ಗೆರೆಯಲ್ಲಿ ಹೊಂದುವಂತೆ ಅಂಟಿಸುತ್ತಾ ಹೋಗಿ. ಆರು ಮೀಟರ್ ಉದ್ದದ ಮನೆಯ ಒಂದು ಬದಿಯ ಮಾಡು ಒಂದು ಸಂಜೆಯ ಕೆಲಸ.

ಅಂಗಡಿಯ ಮನೆಗಳು ನಮ್ಮವಾಗಿ ಕಾಣದಿರುವುದಕ್ಕೆ ಹಂಚಿಗಿಂತಲೂ ದೊಡ್ಡ ಕಾರಣ ಸೂರು. ಇಲ್ಲಿನ ಮಳೆಗೆ ಗೋಡೆ ನೆನೆಯದಿರಲೆಂದು ಮಾಡನ್ನು ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿ, ತಗ್ಗಾಗಿ ಇಳಿಸಿರುತ್ತಾರೆ. ಮಾದರಿಯಲ್ಲಿ ಅದು 7ರಿಂದ 10 ಮಿಲಿಮೀಟರ್ ಆಗುತ್ತದೆ. ಅಷ್ಟು ಚಾಚಿದ ಸೂರಿನ ಕೆಳಗೆ ಮಾಡನ್ನು ಹೊರುವ ಪಕಾಸಿನ ತುದಿಗಳು ಕಾಣಬೇಕು, ಅಂಗಳದ ಮಣ್ಣಿನಲ್ಲಿ ಸೂರಿನ ನೀರು ಬಿದ್ದು ಕೊರೆದ ಗೆರೆಯೂ ಇರಬೇಕು. ಜಗಲಿಗೆ ಕಾವಿ ನೆಲ, ಸುತ್ತಲೂ ಮುರಕಲ್ಲಿನ ಪಾಗಾರ (ಆವರಣ ಗೋಡೆ). ಪಾಗಾರದ ಕಲ್ಲನ್ನು ನಿಮ್ಮ ಮನೆಯಲ್ಲಿಯೇ ಅಳೆದು ನೋಡಿ. 40 ಸೆಂಟಿಮೀಟರ್ ಉದ್ದದ ಕಲ್ಲು 4.6 ಮಿಲಿಮೀಟರ್ ಆಗುತ್ತದೆ, ಆ ಅಳತೆಗೆ ಫೋಮ್ ಹಾಳೆಯ ಮೇಲೆ ಗೆರೆ ಎಳೆದರೆ ಸಾಕು.

ಬಣ್ಣವನ್ನು ಒಂದೇ ಸಮನೆ ಬಳಿಯಬೇಡಿ. ಹೊಸ ಹಂಚು ಕಿತ್ತಳೆ ಕೆಂಪು, ಹಳೆಯದು ಹಾವಸೆ ಹಿಡಿದು ಕಪ್ಪು. ಒಡೆದ ಹಂಚುಗಳನ್ನು ಬದಲಿಸಿದ ಮಾಡಿನಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ. ಮರದ ನೆರಳಿನ ಬದಿಯಲ್ಲಿ ಕಪ್ಪು ಹೆಚ್ಚು. ಅಡುಗೆಮನೆಯ ಮೇಲೆ ಗಾಜಿನ ಹಂಚು ಒಂದಿರಲಿ: ಅಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ತುಂಡು ಕೂರಿಸಿ ಒಳಗೆ ಹಳದಿ ಬೆಳಕಿನ ಚಿಕ್ಕ ಎಲ್‌ಇಡಿ ಇಟ್ಟರೆ, ರಾತ್ರಿಯ ದೃಶ್ಯಕ್ಕೆ ಅದಕ್ಕಿಂತ ಒಪ್ಪುವ ದೀಪ ಬೇರೆಯಿಲ್ಲ.

ಪ್ರಶ್ನೆ: ಗದ್ದೆಯ ನೀರಿಗೆ ಎಪಾಕ್ಸಿ ರೆಸಿನ್ ಸುರಿದೆ. ಜುಲೈಯಲ್ಲಿ ಮಾಡಿದ ಕೆಲಸ ಇಂದಿಗೂ ಮೇಲೆ ಅಂಟಂಟಾಗಿ, ಮಂಜು ಕವಿದಂತಿದೆ.
– ಛಾಯಾಗ್ರಾಹಕರು, ಕಾಪು

ಗಟ್ಟಿಯಾಗುವ ಹೊತ್ತಿನಲ್ಲಿ ಗಾಳಿಯ ತೇವ ತಾಗಿದರೆ ಎಪಾಕ್ಸಿಯ ಮೇಲೆ ಅಂಥ ಪೊರೆ ಮೂಡುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಹೊಳಪಿನ ವಾರ್ನಿಷ್ ಒಂದು ಕೈ ಕೊಡಿ. ಆದರೆ ಗದ್ದೆಗೆ ರೆಸಿನ್ ಬೇಕಾಗಿಯೇ ಇಲ್ಲ. ನಾಟಿಯಾದ ಗದ್ದೆಯಲ್ಲಿ ನಿಲ್ಲುವ ನೀರು ಒಂದು ಗೇಣಿಗಿಂತ ಕಡಿಮೆ, ಮಾದರಿಯಲ್ಲಿ ಒಂದೆರಡು ಮಿಲಿಮೀಟರ್ ಕೂಡ ಅಲ್ಲ. ಕೆಸರಿನ ಬಣ್ಣ ಬಳಿದು ಹೊಳಪಿನ ಅಕ್ರಿಲಿಕ್ ವಾರ್ನಿಷನ್ನು ಮೂರು ನಾಲ್ಕು ಕೈ ಕೊಟ್ಟರೆ ಆಕಾಶ ಅದರಲ್ಲಿ ಪ್ರತಿಫಲಿಸುತ್ತದೆ. ಮಳೆಗಾಲದ ಹೊಳೆಗೂ ಇದೇ ಮಾತು: ಕೆಂಪು ಕದಡಿದ ನೀರಿನಲ್ಲಿ ತಳವೇ ಕಾಣದಿರುವಾಗ ಆಳವನ್ನು ಸುರಿದು ತುಂಬಿಸುವ ಅಗತ್ಯವಿಲ್ಲ. ಬೇಸಗೆಯ ತಿಳಿನೀರನ್ನೇ ತೋರಿಸಬೇಕೆಂದಿದ್ದರೆ ಡಿಸೆಂಬರಿನಿಂದ ಮಾರ್ಚಿನೊಳಗೆ, ಒಂದು ಸಲಕ್ಕೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚಾಗದಂತೆ ಸುರಿಯಿರಿ.

ಪ್ರಶ್ನೆ: ಮೀಟರ್ ಗೇಜ್ ಕಾಲದ ಮಂಗಳೂರು–ಹಾಸನ ಮಾರ್ಗದ ಘಟ್ಟವನ್ನು ಮಾಡುವ ಯೋಚನೆಯಿದೆ. ಸುರಂಗದ ಬಾಯಿ ಎಷ್ಟು ದೊಡ್ಡದಿರಬೇಕು?
– ಉಪನ್ಯಾಸಕರು, ಪಡೀಲ್

ಆ ಮಾರ್ಗ ಪೂರ್ಣಗೊಂಡಿದ್ದು 1979ರಲ್ಲಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಮೀಟರ್ ಗೇಜ್ ಎಚ್‌ಒ ಪ್ರಮಾಣದಲ್ಲಿ 11.5 ಮಿಲಿಮೀಟರ್ ಆಗುವುದರಿಂದ 12 ಮಿಲಿಮೀಟರಿನ ಹಳಿ ಚೆನ್ನಾಗಿ ಹೊಂದುತ್ತದೆ; ಬ್ರಾಡ್‌ಗೇಜಿನವರು 19.3 ಇರಬೇಕಾದಲ್ಲಿ 16.5 ಮಿಲಿಮೀಟರಿನ ಹಳಿಗೆ ಒಪ್ಪಿಕೊಳ್ಳಬೇಕಾಗಿದೆ, ಆ ಕೊರತೆ ನಿಮಗಿಲ್ಲ. ಸುರಂಗದ ಬಾಯನ್ನು ಕೋಷ್ಟಕ ನೋಡಿ ಕತ್ತರಿಸಬೇಡಿ. ಮನೆಯ ಬಿಗಿಯಾದ ತಿರುವಿನಲ್ಲಿ ಉದ್ದದ ಬೋಗಿಯ ನಡುಭಾಗ ಒಳಕ್ಕೂ ತುದಿ ಹೊರಕ್ಕೂ ಚಾಚುತ್ತದೆ. ನಿಮ್ಮಲ್ಲಿರುವ ಅತಿ ಉದ್ದದ ಬೋಗಿಯ ಬದಿಗೆ ಪೆನ್ಸಿಲ್ ಕಟ್ಟಿ ತಿರುವಿನಲ್ಲಿ ತಳ್ಳಿ, ಗೆರೆಯಿಂದ 5 ಮಿಲಿಮೀಟರ್ ಹೊರಗೆ ಗೋಡೆ ನಿಲ್ಲಿಸಿ. ಒಳಗೋಡೆಯನ್ನು ಒಂದು ಗೇಣು ಉದ್ದದವರೆಗೆ ಕಲ್ಲಿನಂತೆ ಮಾಡಿ, ಅದರಾಚೆ ಕಪ್ಪು ಬಳಿದರೆ ಸಾಕು. ಬೋಗಿ ಒಳಗೆ ಹಳಿ ತಪ್ಪಿದರೆ ಕೈ ಹಾಕುವುದಕ್ಕೆ ಗುಡ್ಡದ ಹಿಂಬದಿಯನ್ನು ತೆರೆದಿಡುವುದು ಕಡ್ಡಾಯ.

ಪ್ರಶ್ನೆ: ತೆಂಗು ಮತ್ತು ಅಡಕೆ ಮರಗಳನ್ನು ಮನೆಯಲ್ಲಿಯೇ ಮಾಡುವುದು ಸಾಧ್ಯವೇ? ಕೊಂಡು ತಂದ ಪ್ಲಾಸ್ಟಿಕ್ ತಾಳೆಗಳು ಎರಡರಂತೆಯೂ ಇಲ್ಲ.
– ಕೃಷಿಕರು, ಬ್ರಹ್ಮಾವರ

ಸಾಧ್ಯ, ಮತ್ತು ಅಡಕೆಗೆ ಬೇಕಾದ ಕಾಂಡ ನಿಮ್ಮ ಹಿಡಿಸೂಡಿಯಲ್ಲಿಯೇ (ಪೊರಕೆಯಲ್ಲಿಯೇ) ಇದೆ. ಅಡಕೆ ಮರದ ದಪ್ಪ ಸುಮಾರು 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಮಾದರಿಯಲ್ಲಿ 1.7 ಮಿಲಿಮೀಟರ್, ತೆಂಗಿನ ಗರಿಯ ಕಡ್ಡಿಯ ನಡುಭಾಗ ಅದಕ್ಕೆ ಸರಿಹೊಂದುತ್ತದೆ, ನೆಟ್ಟಗೂ ಇರುತ್ತದೆ. 15 ಮೀಟರಿನ ಮರಕ್ಕೆ 17 ಸೆಂಟಿಮೀಟರ್ ಉದ್ದದ ಕಡ್ಡಿ ಕತ್ತರಿಸಿ, ಬುಡಕ್ಕೆ ಬೂದು, ಮೇಲಕ್ಕೆ ಹೋದಂತೆ ಹಸಿರು ಬಳಿದು, ತುದಿಯ ಒಂದು ಸೆಂಟಿಮೀಟರಿಗೆ ಅಡಕೆ ಹಾಳೆ ಸುತ್ತಿದಂತೆ ಹೊಳೆಯುವ ಹಸಿರು ಕೊಡಿ. ಸೋಗೆ ಎಂಟು ಹತ್ತು ಸಾಕು, ಪ್ರತಿಯೊಂದೂ ಸುಮಾರು ಎರಡೂವರೆ ಸೆಂಟಿಮೀಟರ್. ಎರಡೂ ಬದಿಗೆ ಬಣ್ಣ ಬಳಿದು ಒಣಗಿಸಿದ ಕಾಗದವನ್ನು ಉದ್ದಕ್ಕೆ ಮಡಚಿ, ಎಲೆಯಾಕಾರಕ್ಕೆ ಕತ್ತರಿಸಿ, ಅಂಚನ್ನು ಓರೆಯಾಗಿ ಸಣ್ಣಗೆ ಸೀಳಿ ಬಿಡಿಸಿದರೆ ಸೋಗೆ ಸಿದ್ಧ.

ತೆಂಗಿನ ಕಾಂಡ ದಪ್ಪ, ಬಾಗಿದ್ದು; ಅದಕ್ಕೆ ತಂತಿಗೆ ಕಾಗದದ ಪಟ್ಟಿ ಸುತ್ತುವ ವಿಧಾನ ಸರಿ, ಸುತ್ತಿನ ಅಂಚುಗಳೇ ಕಾಂಡದ ಬಳೆಗಳಂತೆ ಕಾಣುತ್ತವೆ. ಗರಿ ಐದೂವರೆ ಸೆಂಟಿಮೀಟರ್ ಉದ್ದ, ಸುಮಾರು ಮೂವತ್ತು ಬೇಕು, ನಡುವೆ ತೆಳು ತಂತಿ ಅಂಟಿಸಿದರೆ ಕೆಳಗಿನವನ್ನು ಇಳಿಬಿಡಬಹುದು. ಒಂದೆರಡು ಗರಿಗಳು ಒಣಗಿ ಕಂದಾಗಿರಲಿ.

ಅಂತರವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಅಡಕೆ 2.7 ಮೀಟರಿಗೊಂದರಂತೆ, ಮಾದರಿಯಲ್ಲಿ 31 ಮಿಲಿಮೀಟರಿಗೊಂದು; ತೆಂಗು ಏಳೂವರೆ ಮೀಟರಿಗೊಂದು, ಅಂದರೆ 86 ಮಿಲಿಮೀಟರ್. ಒಂದು ಗೇಣು ಚೌಕದ ತೋಟಕ್ಕೂ ಸುಮಾರು ನಲವತ್ತು ಅಡಕೆ ಮರ ಬೇಕಾಗುವುದರಿಂದ ಮುಂದಿನ ಎರಡು ಸಾಲುಗಳನ್ನು ಮಾತ್ರ ಪೂರ್ಣವಾಗಿ ಮಾಡಿ, ಹಿಂದಿನ ಸಾಲುಗಳಿಗೆ ಬಣ್ಣ ತುಸು ಮಂಕಾಗಿಸಿದ ಕಡ್ಡಿ ಮತ್ತು ನಾಲ್ಕು ಸೋಗೆ ಇಟ್ಟರೂ ನಡೆಯುತ್ತದೆ. ಕೆಲವು ಕಾಂಡಗಳಿಗೆ ಅರ್ಧದವರೆಗೆ ಅಂಟು ಸವರಿ ಪುಡಿ ಮಾಡಿದ ಹಸಿರು ಸ್ಪಂಜನ್ನು ಹಚ್ಚಿದರೆ ಕಾಳುಮೆಣಸಿನ ಬಳ್ಳಿಯಾಗುತ್ತದೆ. ಕಡ್ಡಿಗಳನ್ನು ನೆಡುವ ಮೊದಲು ಬುಡಕ್ಕೂ ತುದಿಗೂ ವಾರ್ನಿಷ್ ಸವರುವುದನ್ನು ಮರೆಯಬೇಡಿ, ಇಲ್ಲವಾದರೆ ಹುಳು ಹಿಡಿಯುತ್ತದೆ.